‘ಡುಪ್ಲಿಕೇಟ್, ಕ್ಲೋಸ್ ಮಾಡಿದ್ದೇವೆ’: ಬಗ್ ರಿಪೋರ್ಟ್‌ಗಳ ಜಗಳ ಎಲ್ಲಿಂದ ಶುರುವಾಯಿತು?

ಕರ್ಲ್ ಎಂಬ ಸಾಫ್ಟ್‌ವೇರ್‌ನ ಹೆಸರು ಕೇಳದವರೂ ಅದನ್ನು ದಿನಾ ಬಳಸುತ್ತಾರೆ. ಮೊಬೈಲ್, ಟಿವಿ, ಕಾರು, ರೂಟರ್ ಹೀಗೆ ಇಂಟರ್ನೆಟ್‌ನಿಂದ ಏನಾದರೂ ತರಿಸಿಕೊಳ್ಳುವ ಲೆಕ್ಕವಿಲ್ಲದಷ್ಟು ಸಾಧನಗಳ ಒಳಗೆ ಅದು ಕೂತಿದೆ. ಅದರಲ್ಲಿ ಭದ್ರತೆಯ ದೋಷ ಹುಡುಕಿಕೊಟ್ಟವರಿಗೆ 2019ರಿಂದ ಹಣ ಕೊಡುತ್ತಿದ್ದರು. ಇದಕ್ಕೆ ಬಗ್ ಬೌಂಟಿ ಎಂದು ಹೆಸರು. 2026ರ ಜನವರಿ ಕೊನೆಗೆ ಆ ಬೌಂಟಿ ನಿಂತಿತು. ಕರ್ಲ್ ಕಟ್ಟಿದ ಸ್ವೀಡನ್‌ನ ಡೇನಿಯಲ್ ಸ್ಟೆನ್‌ಬರ್ಗ್ ಕೊಟ್ಟ ಕಾರಣ ನೇರವಾಗಿತ್ತು: ಬರುವ ರಿಪೋರ್ಟ್‌ಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು, ಅವನ್ನು ಓದಿ ಓದಿ ಸಣ್ಣ ತಂಡ ಸುಸ್ತಾಗಿದೆ.

ಸುರತ್ಕಲ್, ನಿಟ್ಟೆ, ವಾಮಂಜೂರು, ಮಣಿಪಾಲ. ಎಂಜಿನಿಯರಿಂಗ್ ಕಾಲೇಜುಗಳು ಇಷ್ಟು ಹತ್ತಿರ ಹತ್ತಿರ ಇರುವ ಊರುಗಳಲ್ಲಿ ಈ ಸುದ್ದಿ ಒಂದು ಗೊಂದಲ ಎಬ್ಬಿಸುವುದು ಸಹಜ. ತಪ್ಪು ತೋರಿಸಿಕೊಟ್ಟವರನ್ನೇ ಬೇಡ ಅನ್ನುವುದು ಎಂತ ನ್ಯಾಯ? ಒಬ್ಬ ವಿದ್ಯಾರ್ಥಿ ವಾರಗಟ್ಟಲೆ ಕೂತು ಒಂದು ದೋಷ ಹುಡುಕುತ್ತಾನೆ, ನೀಟಾಗಿ ಬರೆದು ಕಳಿಸುತ್ತಾನೆ. ಎರಡೇ ದಿನದಲ್ಲಿ ‘ಇದು ಡುಪ್ಲಿಕೇಟ್’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಹಣವೂ ಇಲ್ಲ, ಹೆಸರೂ ಇಲ್ಲ. ಅವನಿಗೆ ಇದು ಮೋಸದ ಹಾಗೆ ಕಾಣುತ್ತದೆ. ಆ ಕಡೆ ಕೂತವರಿಗೆ ಅದು ಅವತ್ತಿನ ನಲವತ್ತನೇ ಟಿಕೆಟ್, ಅಂದರೆ ನಲವತ್ತನೇ ದೂರು.

ಸುದ್ದಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ಸುಳ್ಳು ರಿಪೋರ್ಟ್. ಇಲ್ಲದ ದೋಷವನ್ನು ಉಂಟು ಎಂದು ಬರೆಯುವುದು. ಎಐ ಬಂದ ಮೇಲೆ ಇದು ವಿಪರೀತ ಜಾಸ್ತಿಯಾಗಿದೆ, ಇದನ್ನು ಯಾರೂ ಸಮರ್ಥಿಸುವುದಿಲ್ಲ. ಇನ್ನೊಂದು, ಡುಪ್ಲಿಕೇಟ್. ದೋಷ ನಿಜ, ಬರೆದವನೂ ಪ್ರಾಮಾಣಿಕ. ಆದರೆ ಬೇರೆ ಯಾರೋ ಮೊದಲೇ ಹೇಳಿದ್ದಾರೆ. ಸುಳ್ಳನ್ನು ಬಿಸಾಡಬಹುದು. ನಿಜವಾದದ್ದು ಎರಡನೇ ಸಲ ಬಂದರೆ ಏನು ಮಾಡಬೇಕು? ಸಾಫ್ಟ್‌ವೇರ್ ಲೋಕ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಇದಕ್ಕೆ ಒಮ್ಮತದ ಉತ್ತರ ಹುಡುಕುತ್ತಲೇ ಇದೆ.

ಮಡಲು ಬಿದ್ದ ಲೈನಿಗೆ ಐವತ್ತು ಫೋನ್

ಮೇ ಕೊನೆಯ ಮೊದಲ ಜೋರು ಮಳೆ. ಬಿಜೈ ಕಡೆಯ ಒಂದು ರಸ್ತೆಯಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿತ್ತು ಅಂತ ಇಟ್ಟುಕೊಳ್ಳಿ. ಕರೆಂಟ್ ಹೋಯಿತು. ಹತ್ತು ನಿಮಿಷದಲ್ಲಿ ಮೆಸ್ಕಾಂನ 1912ಕ್ಕೆ ಐವತ್ತು ಫೋನ್ ಬರುತ್ತವೆ. ಕಾರಣ ಒಂದೇ, ಲೈನ್‌ಮ್ಯಾನ್ ಹೋಗಬೇಕಾದದ್ದೂ ಒಂದೇ ಕಡೆಗೆ. ಐವತ್ತು ದೂರನ್ನು ಐವತ್ತು ಕೆಲಸ ಎಂದು ಬರೆದುಕೊಂಡರೆ ಇಡೀ ಮಂಗಳೂರಿನ ರಿಪೇರಿ ನಿಂತುಹೋಗುತ್ತದೆ. ಹಾಗಾಗಿ ಒಟ್ಟು ಸೇರಿಸಲೇಬೇಕು.

ಈಗ ಆ ಫೋನ್‌ಗಳಲ್ಲಿ ಏನಿದೆ ನೋಡಿ. ಒಬ್ಬರು ಪೂರ್ತಿ ಕತ್ತಲೆ ಅನ್ನುತ್ತಾರೆ. ಇನ್ನೊಬ್ಬರು ಒಂದು ಫೇಸ್ ಮಾತ್ರ ಹೋಗಿದೆ ಅನ್ನುತ್ತಾರೆ. ಮೂರನೆಯವರ ಮನೆಯಲ್ಲಿ ಬಲ್ಬು ಮಿಣುಕುತ್ತಿದೆ, ಫ್ರಿಜ್ ಗುಂಯ್ ಎನ್ನುತ್ತಿದೆ. ಮೊದಲನೆಯ ಫೋನ್ ಒಂದನ್ನೇ ಕೇಳಿದವನಿಗೆ ಗೊತ್ತಾಗುವುದು ‘ಕರೆಂಟಿಲ್ಲ’ ಎಂದಷ್ಟೆ. ಮೂರನ್ನೂ ಕೇಳಿದವನಿಗೆ ತೊಂದರೆ ಎಂಥದ್ದು ಎಂಬ ಅಂದಾಜು ಸಿಗುತ್ತದೆ. ಫೋನ್ ಒಂದೇ ಗಲ್ಲಿಯಿಂದ ಬರುತ್ತಿದೆಯಾ, ಕದ್ರಿಯಿಂದಲೂ ಬರುತ್ತಿದೆಯಾ ಎಂದು ನೋಡಿದರೆ ಟ್ರಾನ್ಸ್‌ಫಾರ್ಮರ್ ಹೋಗಿದ್ದಾ, ಇಡೀ ಫೀಡರ್ ಹೋಗಿದ್ದಾ ಎಂದೂ ಊಹಿಸಬಹುದು. ‘ಕಂಪ್ಲೇಂಟ್ ಆಗಿದೆ’ ಎಂದು ಫೋನ್ ಇಟ್ಟುಬಿಟ್ಟರೆ ಇದೆಲ್ಲ ಹೋಯಿತು.

ಇನ್ನೊಂದು ಅಪಾಯ ಉಂಟು. ಅದೇ ಮಳೆಗೆ ಅದೇ ರಸ್ತೆಯ ಒಂದು ಮನೆಯ ಸರ್ವಿಸ್ ವೈರ್ ಬೇರೆಯಾಗಿ ತುಂಡಾಗಿದೆ. ಅವರ ದೂರೂ ಐವತ್ತರ ಗಂಟಿನಲ್ಲಿ ಸೇರಿತು. ಮಡಲು ತೆಗೆದರು, ಲೈನ್ ಚಾರ್ಜ್ ಆಯಿತು, ಐವತ್ತೂ ದೂರು ಒಟ್ಟಿಗೆ ಕ್ಲೋಸ್. ಆ ಒಂದು ಮನೆ ಮಾತ್ರ ಕತ್ತಲೆಯಲ್ಲೇ ಇದೆ. ಪುಸ್ತಕದಲ್ಲಿ ಅವರ ಸಮಸ್ಯೆ ಬಗೆಹರಿದಿದೆ!

ಬಗ್ ರಿಪೋರ್ಟ್‌ಗಳ ಲೋಕದಲ್ಲೂ ಇದೇ ಮೂರು ಎಳೆಗಳು ಒಂದನ್ನೊಂದು ಎಳೆದಾಡುತ್ತವೆ. ಸೇರಿಸದಿದ್ದರೆ ಕೆಲಸ ನಿಲ್ಲುತ್ತದೆ, ಸೇರಿಸಿ ಎಸೆದರೆ ಮಾಹಿತಿ ಹೋಗುತ್ತದೆ, ತಪ್ಪಾಗಿ ಸೇರಿಸಿದರೆ ನಿಜವಾದ ದೋಷ ಮುಚ್ಚಿಹೋಗುತ್ತದೆ.

ರಿಪೋರ್ಟ್ ಒಳಗೆ ಬಂದ ಮೇಲೆ

1998ರಲ್ಲಿ, ಈಗ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಯೋಜನೆಗೆಂದು ಬಗ್‌ಜಿಲ್ಲಾ ಎಂಬ ದೂರು ಪುಸ್ತಕ ತಯಾರಾಯಿತು. ಡೆಬಿಯನ್ ಲಿನಕ್ಸ್‌ನವರ ಬಳಿ ಅದಕ್ಕೂ ಮೊದಲೇ ಅಂಥದ್ದೊಂದು ಇತ್ತು. ಯಾರು ಬೇಕಾದರೂ ದೂರು ಬರೆಯಬಹುದು, ಯಾರು ಬೇಕಾದರೂ ಓದಬಹುದು. ಹೊಸ ದೂರು ಬಂದ ಕೂಡಲೇ ಒಬ್ಬರು ಅದನ್ನು ಓದಿ ವಿಂಗಡಿಸಬೇಕು. ಇದು ನಿಜವಾ? ಎಷ್ಟು ಗಂಭೀರ? ಯಾರು ನೋಡಬೇಕು? ಮೊದಲೇ ಬಂದಿದೆಯಾ? ಈ ಕೆಲಸಕ್ಕೆ ಟ್ರಯಾಜ್ ಎನ್ನುತ್ತಾರೆ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕು ಎಂದು ನೋಡುವ ಕೆಲಸಕ್ಕೂ ಇದೇ ಹೆಸರು.

ನಾಲ್ಕು ಪ್ರಶ್ನೆಗಳಲ್ಲಿ ಜಾಸ್ತಿ ಸಮಯ ತಿನ್ನುವುದು ಕೊನೆಯದ್ದು. ಯಾಕೆಂದರೆ ಅದಕ್ಕೆ ಉತ್ತರ ಕೊಡಲು ಹೊಸ ದೂರನ್ನು ಓದಿದರೆ ಸಾಲದು, ಹಳೆಯ ದೂರುಗಳೆಲ್ಲ ತಲೆಯಲ್ಲಿರಬೇಕು. 2005ರಲ್ಲಿ ಕೆನಡಾದ ಸಂಶೋಧಕರು ಫೈರ್‌ಫಾಕ್ಸ್ ಮತ್ತು ಪ್ರೋಗ್ರಾಮರ್‌ಗಳು ಬಳಸುವ ಎಕ್ಲಿಪ್ಸ್ ಯೋಜನೆಗಳ ದೂರುಗಳನ್ನು ನೋಡಿದರು. ಫೈರ್‌ಫಾಕ್ಸ್‌ನಲ್ಲಿ ಸುಮಾರು 30%, ಎಕ್ಲಿಪ್ಸ್‌ನಲ್ಲಿ ಸುಮಾರು 20% ಡುಪ್ಲಿಕೇಟ್. ದಿನಕ್ಕೆ ಹತ್ತಿರ ಹತ್ತಿರ 300 ದೂರು ವಿಂಗಡಿಸಬೇಕಾಗಿದೆ, ನಮ್ಮಿಂದಾಗುವುದಿಲ್ಲ ಎಂದು ಮೊಜಿಲ್ಲಾದ ಒಬ್ಬ ಡೆವಲಪರ್ ಆಗ ಹೇಳಿದ್ದರು. ಒಂದಕ್ಕೆ ಬರೀ ಐದು ನಿಮಿಷ ಹಿಡಿದರೂ 300ಕ್ಕೆ 25 ಗಂಟೆ ಬೇಕು. ದಿನದಲ್ಲಿ ಇರುವುದು 24.

ಹಾಗಾದರೆ ಜನ ಮೊದಲು ಹುಡುಕಿ ನೋಡಿ ಆಮೇಲೆ ಬರೆಯಬಾರದಾ? ಎಲ್ಲ ಯೋಜನೆಗಳೂ ಮೊದಲ ಸಾಲಿನಲ್ಲೇ ಅದನ್ನು ಬೇಡಿಕೊಳ್ಳುತ್ತವೆ. ಸೋಮಾರಿಗಳು ಹುಡುಕುವುದಿಲ್ಲ, ನಿಜ. ಆದರೆ ಹುಡುಕಿದವರಿಗೂ ಸಿಗುವುದಿಲ್ಲ. ಅದು ಯಾಕೆ ಎನ್ನುವುದಕ್ಕೆ ನಮ್ಮ ಲಿಪಿಯಲ್ಲೇ ಒಳ್ಳೆಯ ಉದಾಹರಣೆ ಇದೆ.

‘ರ‍್ಯಾಂಕ್’ ಕೆಟ್ಟರೆ ತಪ್ಪು ಯಾರದ್ದು?

ಕಂಪ್ಯೂಟರಿನಲ್ಲಿ ರ, ಹಲಂತ, ಯ ಮೂರನ್ನು ಸಾಲಾಗಿ ಒತ್ತಿದರೆ ಅರ್ಕಾವತ್ತು ಬರುತ್ತದೆ, ‘ಸೂರ್ಯ’ದಲ್ಲಿ ಬರುವ ಹಾಗೆ. ‘ರ‍್ಯಾಂಕ್’ ಎಂದು ಬರೆಯಬೇಕಾದರೆ ಅರ್ಕಾವತ್ತು ಬೇಡ, ರ ಅಕ್ಷರ ಪೂರ್ತಿ ಉಳಿದು ಅದಕ್ಕೆ ಯ ಒತ್ತು ಬರಬೇಕು. ಅದಕ್ಕಾಗಿ ಯೂನಿಕೋಡ್‌ನಲ್ಲಿ ರ ಆದ ಮೇಲೆ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯಿನರ್. ಅದು ಎಲ್ಲಿಯಾದರೂ ಬಿದ್ದುಹೋದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ.

ಎಲ್ಲೆಲ್ಲಿ ಬೀಳಬಹುದು? ಕೀಬೋರ್ಡ್ ಆ್ಯಪ್ ಅದನ್ನು ಹಾಕದೇ ಇರಬಹುದು. ಹಾಕಿದರೂ, ಸೇವ್ ಮಾಡುವಾಗ ‘ಇದೇನೋ ಕಾಣದ ಕಸ’ ಎಂದು ವೆಬ್‌ಸೈಟ್ ಕಿತ್ತು ಹಾಕಬಹುದು. ಅಕ್ಷರಗಳನ್ನು ಜೋಡಿಸುವ ಎಂಜಿನ್ ಅದನ್ನು ತಪ್ಪಾಗಿ ಓದಬಹುದು. ಎಲ್ಲ ಸರಿ ಇದ್ದೂ ಫಾಂಟ್‌ನೊಳಗೆ ಆ ಜೋಡಣೆಯ ನಿಯಮವೇ ಇಲ್ಲದಿರಬಹುದು. ನಾಲ್ಕು ಬೇರೆ ಬೇರೆ ಕಾರಣ, ನಾಲ್ಕು ಬೇರೆ ಬೇರೆ ಯೋಜನೆ. ಪರದೆಯ ಮೇಲೆ ಕಾಣುವುದು ಒಂದೇ ತಪ್ಪು.

ಉಡುಪಿಯ ಒಬ್ಬ ಶಿಕ್ಷಕಿ ಇದನ್ನು ‘ಅರ್ಕಾವತ್ತು ತಪ್ಪು’ ಎಂದು ಬರೆಯುತ್ತಾರೆ ಅಂತ ಇಟ್ಟುಕೊಳ್ಳಿ. ಡಿಟಿಪಿ ಕೆಲಸದವರು ‘ಒತ್ತಕ್ಷರ ಒಡೆದಿದೆ’ ಎನ್ನುತ್ತಾರೆ. ಫಾಂಟ್ ತಿಳಿದ ಪ್ರೋಗ್ರಾಮರ್ ‘ರೆಫ್ ಸಮಸ್ಯೆ’ ಎನ್ನುತ್ತಾನೆ. ನಾಲ್ಕನೆಯವರು ಬರೀ ಸ್ಕ್ರೀನ್‌ಶಾಟ್ ಹಾಕಿ ‘ಕನ್ನಡ ಸರಿ ಬರ್ತಿಲ್ಲ’ ಎಂದು ಮುಗಿಸುತ್ತಾರೆ. ನಾಲ್ವರ ಬರಹದಲ್ಲೂ ಒಂದೇ ಒಂದು ಪದ ಸಮಾನವಾಗಿಲ್ಲ. ಹುಡುಕಾಟದ ಪೆಟ್ಟಿಗೆ ಏನು ಮಾಡೀತು? ಕನ್ನಡ ಓದಲು ಬಾರದ ಮೈಂಟೇನರ್, ಅಂದರೆ ಆ ಸಾಫ್ಟ್‌ವೇರ್ ನೋಡಿಕೊಳ್ಳುವವನು, ಈ ನಾಲ್ಕನ್ನೂ ಕಂಡರೆ ಎರಡರಲ್ಲಿ ಒಂದು ತಪ್ಪು ಮಾಡುವ ಸಂಭವ ಜಾಸ್ತಿ. ಒಂದೇ ಆದದ್ದನ್ನು ಬೇರೆ ಬೇರೆ ಎಂದು ಬಿಡುತ್ತಾನೆ. ಅಥವಾ ‘ಎಲ್ಲ ಕನ್ನಡದ್ದೇ ಅಲ್ವಾ’ ಎಂದು ಬೇರೆ ಬೇರೆಯದ್ದನ್ನು ಒಂದೇ ಗಂಟಿಗೆ ಕಟ್ಟುತ್ತಾನೆ. ಎರಡನೆಯದ್ದು ಹೆಚ್ಚು ಕೆಟ್ಟದ್ದು. ಕೀಬೋರ್ಡ್ ದೋಷ ಸರಿಯಾದ ದಿನ ಫಾಂಟ್ ದೋಷದ ದೂರೂ ಕ್ಲೋಸ್ ಆಗುತ್ತದೆ. ಸರ್ವಿಸ್ ವೈರ್ ತುಂಡಾದ ಮನೆಯ ಕತೆಯೇ.

ಇದರ ತಿರುಗುಮುರುಗು ಪ್ರಸಂಗ 2018ರ ಫೆಬ್ರವರಿಯಲ್ಲಿ ನಡೆಯಿತು. ತೆಲುಗಿನ ‘ಜ್ಞಾ’ ಅಕ್ಷರ ಬಂದ ಕೂಡಲೇ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ವಾಟ್ಸ್ಆ್ಯಪ್ ಬಳಸುತ್ತಿದ್ದವನಿಗೆ ಅದು ವಾಟ್ಸ್ಆ್ಯಪ್‌ನ ದೋಷ. ಮೆಸೆಂಜರ್ ಬಳಸುತ್ತಿದ್ದವನಿಗೆ ಮೆಸೆಂಜರ್‌ನ ದೋಷ. ನಿಜವಾದ ತಪ್ಪು ಇದ್ದದ್ದು ಆಪಲ್ ಅಕ್ಷರ ಬಿಡಿಸುವ ರೀತಿಯಲ್ಲಿ. 11.2.6 ಅಪ್‌ಡೇಟ್ ಬಂದ ಮೇಲೆ ಎಲ್ಲ ಕಡೆಯೂ ಒಟ್ಟಿಗೆ ಸರಿಯಾಯಿತು. ಲಕ್ಷಣ ಹಲವು, ರೋಗ ಒಂದು.

ಅಂದರೆ ‘ಇದು ಡುಪ್ಲಿಕೇಟ್’ ಎನ್ನುವ ಮಾತು ಎರಡು ಬರಹಗಳ ಹೋಲಿಕೆಯ ಬಗ್ಗೆ ಅಲ್ಲ. ಎರಡರ ಮೂಲ ಕಾರಣ ಒಂದೇ ಎಂಬ ತೀರ್ಪು ಅದು. ಆ ತೀರ್ಪು ಕೊಡುವ ಹೊತ್ತಿಗೆ ಸಾಮಾನ್ಯವಾಗಿ ಕಾರಣವೇ ಇನ್ನೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅಷ್ಟೊತ್ತಿಗೆ ಸರಿ ಮಾಡಿರುತ್ತಿದ್ದರು.

ಎರಡನೇ ದೂರಿಗೆ ಬೆಲೆ ಉಂಟಾ?

ಇಲ್ಲಿ ಎರಡು ಪಕ್ಷಗಳಿವೆ. ಮೊದಲನೆಯವರ ವಾದ: ಡುಪ್ಲಿಕೇಟ್ ಎಂದರೆ ಬರೀ ಖರ್ಚು, ಬೇಗ ಮುಚ್ಚಿದಷ್ಟು ಒಳ್ಳೆಯದು. ದೊಡ್ಡ ಯೋಜನೆಗಳ ಮೈಂಟೇನರ್‌ಗಳು ಹೀಗೆ ಹೇಳುವುದನ್ನು ಉಡಾಫೆ ಎನ್ನಲಾಗದು. ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ರಾತ್ರಿ ಕೂತು ಕೆಲಸ ಮಾಡುವವರು.

2008ರಲ್ಲಿ ಬೆಟನ್‌ಬರ್ಗ್, ಪ್ರೇಮರಾಜ್, ಜಿಮ್ಮರ್‌ಮನ್, ಕಿಮ್ ಎಂಬ ನಾಲ್ವರು ಸಂಶೋಧಕರು ಈ ನಂಬಿಕೆಯನ್ನೇ ಪ್ರಶ್ನಿಸಿದರು. ಡುಪ್ಲಿಕೇಟ್ ಎಂದು ಮುಚ್ಚಿದ ದೂರುಗಳನ್ನು ತೆರೆದು ನೋಡಿದಾಗ, ಮೂಲ ದೂರಿನಲ್ಲಿ ಇಲ್ಲದ ಮಾಹಿತಿ ಅವುಗಳಲ್ಲಿತ್ತು. ದೋಷವನ್ನು ಮತ್ತೆ ಹುಟ್ಟಿಸುವ ಬೇರೆ ದಾರಿ, ಬೇರೆ ಕ್ರ್ಯಾಶ್ ಲಾಗ್, ಹೀಗೆ. ಎರಡನ್ನೂ ಸೇರಿಸಿ ಓದಿದರೆ ಕೆಲಸ ಹಗುರವಾಗುತ್ತದೆ ಎಂದು ಅವರು ತೋರಿಸಿದರು. ದೂರುಗಳ ಸಂಖ್ಯೆಯೇ ಒಂದು ಮಾಹಿತಿ ಎನ್ನುವುದನ್ನು ಮೈಕ್ರೋಸಾಫ್ಟ್ ಇನ್ನೂ ಮೊದಲೇ ಕಂಡುಕೊಂಡಿತ್ತು. ವಿಂಡೋಸ್ ಕುಸಿದಾಗ ‘ವರದಿ ಕಳಿಸಲಾ?’ ಎಂದು ಕೇಳುವ ಪೆಟ್ಟಿಗೆ ನೆನಪಿದೆಯಲ್ಲ? ಅದು ಬೇಕೆಂದೇ ಡುಪ್ಲಿಕೇಟ್‌ಗಳನ್ನು ಕೂಡಿಹಾಕುವ ಯಂತ್ರ. ಒಂದೇ ಜಾಗದಲ್ಲಿ ಕುಸಿದದ್ದೆಲ್ಲ ಒಂದು ಬುಟ್ಟಿಗೆ. ಯಾವ ಬುಟ್ಟಿ ಮೊದಲು ತುಂಬುತ್ತದೋ ಅದನ್ನು ಮೊದಲು ರಿಪೇರಿ ಮಾಡುವುದು. 20% ದೋಷಗಳು 80% ತೊಂದರೆಗೆ ಕಾರಣ, ಬರೀ 1% ದೋಷಗಳು ಅರ್ಧದಷ್ಟು ತೊಂದರೆಗೆ ಕಾರಣ ಎಂದು ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2002ರಲ್ಲಿ ಹೇಳಿದ್ದು ಈ ಲೆಕ್ಕದ ಬಲದಿಂದ.

ಆದರೆ ಎಣಿಕೆಗೆ ಮಾತು ಬೇಕಾಗಿಲ್ಲ. ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದಲ್ಲಿ ಒಂದು ಕಾಲಕ್ಕೆ ದೂರಿನ ಕೆಳಗೆ ಜನ ‘+1’, ‘ನನಗೂ ಇದೇ’ ಎಂದು ನೂರಾರು ಸಾಲು ಬರೆಯುತ್ತಿದ್ದರು. ಪ್ರತಿ ಸಾಲಿಗೂ ಎಲ್ಲರ ಇಮೇಲ್ ಟಣ್ ಎನ್ನುತ್ತಿತ್ತು. 2016ರ ಜನವರಿಯಲ್ಲಿ ಮೈಂಟೇನರ್‌ಗಳು ಒಟ್ಟಾಗಿ ಬಹಿರಂಗ ಪತ್ರ ಬರೆದರು, ಮಾರ್ಚ್‌ನಲ್ಲಿ ಸಾಲು ಬರೆಯದೆ ಒತ್ತಿಬಿಡಬಹುದಾದ ‘ಥಂಬ್ಸ್ ಅಪ್’ ಚಿಹ್ನೆ ಬಂತು. ಹೊಸದೇನೂ ಹೇಳುವುದಿಲ್ಲದವರಿಗೆ ಈಗ ಅಷ್ಟು ಸಾಕು.

ಎರಡನೇ ದೂರಿನ ಬೆಲೆ ಕಣ್ಣಿಗೆ ಹೊಡೆಯುವಂತೆ ಕಂಡದ್ದು 2014ರ ಏಪ್ರಿಲ್‌ನಲ್ಲಿ. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಎರಡು ವರ್ಷದಿಂದ ಸುಮ್ನೆ ಕೂತಿತ್ತು. ಜಗತ್ತಿನ ಅಸಂಖ್ಯ ವೆಬ್‌ಸೈಟ್‌ಗಳ ಬೀಗ ಅದೇ ಸಾಫ್ಟ್‌ವೇರ್. ಏಪ್ರಿಲ್ 1ರಂದು ಗೂಗಲ್‌ನ ನೀಲ್ ಮೆಹ್ತಾ ಅದನ್ನು ತಂಡಕ್ಕೆ ತಿಳಿಸಿದರು. ಅದರ ಸುಳಿವೇ ಇಲ್ಲದೆ ಫಿನ್‌ಲ್ಯಾಂಡ್‌ನ ಕೋಡೆನೋಮಿಕಾನ್ ಕಂಪನಿಯವರೂ ಅದೇ ದಿನಗಳಲ್ಲಿ ಅದನ್ನೇ ಕಂಡುಹಿಡಿದರು. ಅವರ ಮಾತು ಓಪನ್‌ಎಸ್‌ಎಸ್‌ಎಲ್ ತಂಡಕ್ಕೆ ತಲುಪಿದ್ದು ಏಪ್ರಿಲ್ 7ರಂದು. ಪುಸ್ತಕದ ನಿಯಮದ ಪ್ರಕಾರ ಅದು ಶುದ್ಧ ಡುಪ್ಲಿಕೇಟ್. ತಂಡ ಅದನ್ನು ಹಾಗೆ ಓದಲಿಲ್ಲ. ಇಬ್ಬರಿಗೆ ಒಟ್ಟೊಟ್ಟಿಗೆ ಸಿಕ್ಕಿದೆ ಎಂದರೆ ಮೂರನೆಯವನಿಗೆ, ಅದೂ ಕಳ್ಳನಿಗೆ, ಸಿಗುವ ಅಪಾಯ ಹೆಚ್ಚಿದೆ ಎಂದು ಲೆಕ್ಕ ಹಾಕಿ ಅದೇ ದಿನ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಕೋಡ್, ಹೊರಗೆ ಬಿಟ್ಟಿತು. ಎರಡನೇ ದೂರಿನಲ್ಲಿ ಹೊಸ ತಾಂತ್ರಿಕ ವಿವರ ಏನೂ ಬೇಕಾಗಿರಲಿಲ್ಲ. ಅದು ಬಂತು ಎನ್ನುವುದೇ ಸುದ್ದಿಯಾಗಿತ್ತು.

ಗಂಟು ಹಾಕುವ ರೀತಿ

ಹಾಗಾಗಿ ಮುಚ್ಚುವುದಾ ಬಿಡುವುದಾ ಎನ್ನುವುದಕ್ಕಿಂತ, ಮುಚ್ಚಿದಾಗ ಒಳಗಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಬಗ್‌ಜಿಲ್ಲಾದಲ್ಲಿ ಒಂದನ್ನು ಡುಪ್ಲಿಕೇಟ್ ಎಂದು ಗುರುತಿಸಿದರೆ ಮೂಲ ದೂರಿನಲ್ಲಿ ಅದರ ನಂಬರ್ ದಾಖಲಾಗುತ್ತದೆ, ಬರೆದವರ ಹೆಸರು ಮೂಲ ದೂರಿನ ಪಟ್ಟಿಗೆ ಸೇರುತ್ತದೆ. ಮುಂದೆ ಏನಾದರೂ ಆದರೆ ಅವರಿಗೂ ಇಮೇಲ್ ಹೋಗುತ್ತದೆ. ಡೆಬಿಯನ್‌ನಲ್ಲಿ ‘ಮರ್ಜ್’ ಎನ್ನುತ್ತಾರೆ. ಎರಡೂ ದೂರು ಜೀವಂತ ಉಳಿಯುತ್ತವೆ, ಒಂದರ ಸ್ಥಿತಿ ಬದಲಾದರೆ ಇನ್ನೊಂದರದ್ದೂ ಬದಲಾಗುತ್ತದೆ. ಗಂಟು ತಪ್ಪಾಗಿದ್ದರೆ ಬಿಚ್ಚಲೂಬಹುದು. ಇದಕ್ಕೆ ಹೋಲಿಸಿದರೆ ‘ಡುಪ್ಲಿಕೇಟ್’ ಎಂದು ಒಂದು ಪದ ಬರೆದು, ಯಾವುದರ ಡುಪ್ಲಿಕೇಟ್ ಎಂದೂ ಹೇಳದೆ ಬಾಗಿಲು ಹಾಕುವುದು ಬರೀ ಕೋಪ ಹುಟ್ಟಿಸುವ ಕೆಲಸ.

ಎರಡರಲ್ಲಿ ಯಾವುದನ್ನು ಮೂಲ ಎಂದು ಉಳಿಸಬೇಕು? ಹೆಚ್ಚಿನವರು ಹಳೆಯದ್ದನ್ನು ಉಳಿಸುತ್ತಾರೆ, ತಾರೀಖು ನೋಡಿದರೆ ಸಾಕಲ್ಲ, ಸುಲಭ. ಆದರೆ ಹಳೆಯದ್ದರಲ್ಲಿ ‘ಕೆಲಸ ಮಾಡ್ತಿಲ್ಲ, ನೋಡಿ’ ಎಂದಷ್ಟೇ ಇದ್ದು, ಹೊಸದರಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರ ಇದ್ದರೆ? ಹೊಸದನ್ನು ಮುಚ್ಚಿದರೆ ಡೆವಲಪರ್ ಓದುವುದು ಆ ಬಡಕಲು ದೂರನ್ನು. ವಿವರ ಹೆಚ್ಚಿರುವುದನ್ನೇ ಮೂಲ ಮಾಡುವುದು ಸರಿ ಎಂದು ನನಗೆ ಕಾಣುತ್ತದೆ. ಬೌಂಟಿ ಇಲ್ಲದ ಕಡೆ ಅದಕ್ಕೆ ಯಾವ ಅಡ್ಡಿಯೂ ಇಲ್ಲ.

ದುಡ್ಡು ನಡುವೆ ಬಂದಾಗ

ಬೌಂಟಿ ಇರುವ ಕಡೆ ಅಡ್ಡಿ ಉಂಟು. ಅಲ್ಲಿನ ಸಾಮಾನ್ಯ ನಿಯಮ: ಮೊದಲು ಹೇಳಿದವನಿಗೆ ಪೂರ್ತಿ ಹಣ, ಎರಡನೆಯವನಿಗೆ ಸೊನ್ನೆ. ಕಾರಣ ಅರ್ಥವಾಗುವಂಥದ್ದೇ. ಎಲ್ಲರಿಗೂ ಕೊಟ್ಟರೆ ಒಬ್ಬ ತನ್ನ ನಾಲ್ಕು ಗೆಳೆಯರ ಕೈಯಲ್ಲೂ ಅದನ್ನೇ ಬರೆಸುತ್ತಾನೆ. ಆದರೆ ಈ ನಿಯಮದಿಂದ ಮೂರು ಪರಿಣಾಮ ಒಂದರ ಹಿಂದೆ ಒಂದು ಬರುತ್ತವೆ.

ಮೊದಲಿಗೆ, ಅವಸರ. ಪೂರ್ತಿ ಪರೀಕ್ಷಿಸಿ ಕಳಿಸುವವನು ಸೋಲುತ್ತಾನೆ, ಅರೆಬರೆ ಕಳಿಸಿದವನು ಗೆಲ್ಲುತ್ತಾನೆ. ಅರೆಬರೆ ರಿಪೋರ್ಟ್ ಅಂದರೆ ಓದುವವನಿಗೆ ಇನ್ನಷ್ಟು ಕೆಲಸ. ಅದರಿಂದ ಉತ್ತರ ತಡ. ಉತ್ತರ ತಡವಾದಷ್ಟು ಕಾಲ ದೋಷ ತೆರೆದೇ ಇರುತ್ತದೆ, ಇನ್ನೂ ನಾಲ್ಕು ಜನ ಅದನ್ನೇ ಹುಡುಕಿ ಕಳಿಸುತ್ತಾರೆ. ಡುಪ್ಲಿಕೇಟ್ ಡುಪ್ಲಿಕೇಟನ್ನು ಹಡೆಯುತ್ತದೆ. ಕೊನೆಗೆ ಅಪನಂಬಿಕೆ. ಭದ್ರತೆಯ ದೂರು ಗುಟ್ಟಾಗಿರುತ್ತದೆ, ರಿಪೇರಿ ಆಗುವವರೆಗೆ ಹೊರಗೆ ತೋರಿಸುವಂತಿಲ್ಲ. ‘ನಿನಗಿಂತ ಮೊದಲು ಒಬ್ಬರು ಹೇಳಿದ್ದಾರೆ’ ಎಂದರೆ ನಂಬಬೇಕು, ನೋಡುವ ಹಾಗಿಲ್ಲ. ಪ್ರಾಮಾಣಿಕ ಸಂಸ್ಥೆಯೂ ಇಲ್ಲಿ ಕಳ್ಳನ ಹಾಗೆ ಕಾಣಿಸಿಕೊಳ್ಳುತ್ತದೆ. ಮೊದಲ ದೂರು ಬಂದ ತಾರೀಖನ್ನಾದರೂ ತಿಳಿಸಿದರೆ, ರಿಪೇರಿ ಆದ ಮೇಲೆ ಮೂಲವನ್ನು ತೋರಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಈ ಕುದಿಯುವ ಪಾತ್ರೆಗೆ ಎಐ ಬಂದು ಬಿತ್ತು. ಕರ್ಲ್‌ನ ಬೌಂಟಿಯಿಂದ ಆ ವರ್ಷಗಳಲ್ಲಿ 80ಕ್ಕೂ ಹೆಚ್ಚು ನಿಜವಾದ ದೋಷ ಸಿಕ್ಕಿದ್ದವು, 90 ಸಾವಿರ ಡಾಲರಿಗೂ ಹೆಚ್ಚು ಹಣ ಹಂಚಿದ್ದರು. ಅಂದರೆ ಯೋಜನೆ ಸೋತಿರಲಿಲ್ಲ. ಆದರೆ ಮೊದಲು ನೂರು ರಿಪೋರ್ಟಿನಲ್ಲಿ 15ಕ್ಕೂ ಹೆಚ್ಚು ನಿಜವಾಗಿರುತ್ತಿದ್ದವು, 2025ರಲ್ಲಿ ಅದು 5ಕ್ಕಿಂತ ಕೆಳಗೆ ಇಳಿಯಿತು ಎಂದು ಸ್ಟೆನ್‌ಬರ್ಗ್ ಬರೆದರು. ಬರೆಯುವ ಖರ್ಚು ಸೊನ್ನೆಯಾಯಿತು, ಓದಿ ಪರೀಕ್ಷಿಸುವ ಖರ್ಚು ಇದ್ದ ಹಾಗೇ ಇದೆ. ಇಡೀ ಬಿಕ್ಕಟ್ಟಿನ ಬುಡ ಇದು.

ಇದರ ಮುಂದಿನ ಹಂತ ಸುಳ್ಳು ರಿಪೋರ್ಟ್‌ಗಿಂತ ಕಷ್ಟದ್ದು. ಎಐ ಉಪಕರಣಗಳು ಚುರುಕಾದಂತೆ ಸುಳ್ಳು ಕಡಿಮೆಯಾಗಿ ನಿಜ ಹೆಚ್ಚಬಹುದು. ಆದರೆ ಒಂದೇ ಉಪಕರಣವನ್ನು, ಒಂದೇ ಕೋಡಿನ ಮೇಲೆ, ಸಾವಿರ ಜನ ಓಡಿಸಿದರೆ ಸಿಗುವುದು ಒಂದೇ ಉತ್ತರ. ಹಿಂದೆ ಇಬ್ಬರಿಗೆ ಒಂದೇ ಗುಟ್ಟು ದೋಷ ಸಿಗುವುದು ಅಪರೂಪವಾಗಿತ್ತು. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ 2017ರ ಅಧ್ಯಯನದಲ್ಲಿ, ಒಬ್ಬರ ಬಳಿ ಗುಟ್ಟಾಗಿದ್ದ ದೋಷಗಳಲ್ಲಿ ವರ್ಷದೊಳಗೆ ಬೇರೆಯವರಿಗೂ ಸಿಕ್ಕಿ ಬಹಿರಂಗವಾದದ್ದು ಸುಮಾರು 5.7% ಮಾತ್ರ. ಎಲ್ಲರ ಕೈಯಲ್ಲೂ ಒಂದೇ ಬಲೆ ಇದ್ದಾಗ ಎಲ್ಲರಿಗೂ ಅದೇ ಬೂತಾಯಿ ಬೀಳುತ್ತದೆ. ಆ ಅಂಕಿ ಹಾಗೇ ಉಳಿಯಲಾರದು. ಆಗ ‘ಮೊದಲು ಬಂದವನಿಗೆ ಎಲ್ಲ’ ಎಂಬ ನಿಯಮ ಜಾಣ್ಮೆಯ ಸ್ಪರ್ಧೆಯಾಗಿ ಉಳಿಯುವುದಿಲ್ಲ, ಯಾರು ಮೊದಲು ಬಟನ್ ಒತ್ತಿದರು ಎಂಬ ಸ್ಪರ್ಧೆಯಾಗುತ್ತದೆ.

ವಿಂಗಡಣೆಯನ್ನೂ ಯಂತ್ರಕ್ಕೇ ಕೊಟ್ಟರೆ?

ಬರೆಯುವುದು ಯಂತ್ರವಾದರೆ ವಿಂಗಡಿಸುವುದೂ ಯಂತ್ರವೇ ಆಗಲಿ ಎನ್ನುವವರಿದ್ದಾರೆ. ಹೊಸ ಯೋಚನೆಯೇನೂ ಅಲ್ಲ. 2007ರಲ್ಲಿ ಸೋನಿ ಎರಿಕ್ಸನ್ ಮೊಬೈಲ್ ಕಂಪನಿಯ ದೂರುಗಳ ಮೇಲೆ ಸ್ವೀಡನ್‌ನ ಸಂಶೋಧಕರು ಭಾಷೆಯ ಹೋಲಿಕೆ ನೋಡುವ ಪ್ರೋಗ್ರಾಮ್ ಓಡಿಸಿದ್ದರು. ಸುಮಾರು ಮೂರರಲ್ಲಿ ಎರಡು ಪಾಲು ಡುಪ್ಲಿಕೇಟ್‌ಗಳನ್ನು ಹೀಗೆ ಹಿಡಿಯಬಹುದು ಎಂಬುದು ಅವರ ಅಂದಾಜು. ಈಗಿನ ಉಪಕರಣಗಳು ಪದಗಳ ಬದಲು ಅರ್ಥದ ಹೋಲಿಕೆ ನೋಡುತ್ತವೆ, ‘ಒತ್ತಕ್ಷರ ಒಡೆದಿದೆ’ ಮತ್ತು ‘ರೆಫ್ ಸಮಸ್ಯೆ’ಯನ್ನು ಹತ್ತಿರ ತಂದು ಇಡಬಲ್ಲವು.

ಆದರೂ ಅವು ನೋಡುವುದು ಲಕ್ಷಣದ ವಿವರಣೆಯನ್ನು. ಕೀಬೋರ್ಡ್‌ನಿಂದ ಕೆಟ್ಟ ರ‍್ಯಾಂಕ್ ಮತ್ತು ಫಾಂಟ್‌ನಿಂದ ಕೆಟ್ಟ ರ‍್ಯಾಂಕ್ ಎರಡರ ವಿವರಣೆ ಅಕ್ಷರಶಃ ಒಂದೇ ಇರುತ್ತದೆ. ಯಂತ್ರ ಬಹಳ ಆತ್ಮವಿಶ್ವಾಸದಿಂದ ಎರಡನ್ನೂ ಗಂಟು ಹಾಕುತ್ತದೆ. ಹಾಗಾಗಿ ಅದನ್ನು ಬಾಗಿಲ ಹೊರಗೆ ಕೂರಿಸುವುದು ಒಳ್ಳೆಯದು. ಒಬ್ಬರು ದೂರು ಬರೆಯುತ್ತಿರುವಾಗಲೇ ‘ಇಂಥದ್ದು ಮೂರು ಇದೆ, ನೋಡಿ’ ಎಂದು ತೋರಿಸಲಿ. ಬರೆಯುವವನಿಗೆ ತನ್ನ ಫೋನು, ತನ್ನ ತೊಂದರೆ ಗೊತ್ತು, ಅವನೇ ಹೋಲಿಸಿ ನೋಡುತ್ತಾನೆ. ದೂರು ಬಂದ ಮೇಲೆ ಮನುಷ್ಯರು ಯಾರೂ ನೋಡದೆ ಬಾಟ್ ಮುಚ್ಚಿದರೆ, ತಪ್ಪಾದ ಗಂಟನ್ನು ಬಿಚ್ಚಲು ಯಾರೂ ಇರುವುದಿಲ್ಲ. ಕೆಲವು ಕಡೆ ಬಾಟ್ ಮೊದಲು ಸೂಚನೆ ಹಾಕಿ, ಕೆಲವು ದಿನ ಕಾದು, ಯಾರೂ ಅಲ್ಲ ಎನ್ನದಿದ್ದರೆ ಮಾತ್ರ ಮುಚ್ಚುವ ವ್ಯವಸ್ಥೆ ಇದೆ. ನಡುವಿನ ದಾರಿ, ಪರವಾಗಿಲ್ಲ. ಆದರೆ ದೂರು ಬರೆದು ಮರೆತವನ ಬಗ್ ಅಲ್ಲೂ ಸದ್ದಿಲ್ಲದೆ ಸತ್ತುಹೋಗುತ್ತದೆ.

ನಮ್ಮ ಕಡೆಯ ಆಫೀಸುಗಳಿಗೆ ಇದರಿಂದ ಏನು?

ಮಂಗಳೂರನ್ನು ಸಿಲಿಕಾನ್ ಬೀಚ್ ಎಂದು ಕರೆಯಲು ಶುರು ಮಾಡಿದ್ದಾರೆ. ಹೆಸರು ಏನೇ ಇರಲಿ, ಇಂಥ ಊರಿನ ಐಟಿ ಆಫೀಸಿನಲ್ಲಿ ಟೆಸ್ಟಿಂಗ್, ಸಪೋರ್ಟ್ ಕೆಲಸ ಎಂದರೆ ದಿನಾ ಟಿಕೆಟ್‌ಗಳ ಜೊತೆಗೇ ಬದುಕು. ಅಲ್ಲಿ ಡುಪ್ಲಿಕೇಟ್ ಪ್ರಶ್ನೆ ಅಪ್ರೈಸಲ್‌ಗೆ ಅಂಟಿಕೊಳ್ಳುತ್ತದೆ. ಟೆಸ್ಟರ್ ಎಷ್ಟು ಬಗ್ ಹಾಕಿದ ಎಂದು ಎಣಿಸಿದರೆ ಒಂದೇ ಬಗ್ ಮೂರಾಗಿ ಒಡೆದು ಬರುತ್ತದೆ. ಡುಪ್ಲಿಕೇಟ್ ಹಾಕಿದರೆ ಮಾರ್ಕ್ ಕಡಿತ ಎಂದರೆ ಹೊಸಬರು ಅನುಮಾನ ಇದ್ದಾಗ ಸುಮ್ಮನಿದ್ದುಬಿಡುತ್ತಾರೆ. ಮೊದಲನೆಯದ್ದು ಕಿರಿಕಿರಿ, ಅಷ್ಟೆ. ಎರಡನೆಯದ್ದರಲ್ಲಿ ಬಗ್ ಗ್ರಾಹಕರ ಮನೆಗೇ ಹೋಗುತ್ತದೆ.

ವಿದ್ಯಾರ್ಥಿಗಳಿಗೆ ಬಾಗಿಲು ಕಿರಿದಾಗುವ ಲಕ್ಷಣ ಕಾಣುತ್ತಿದೆ. ಬಹುಮಾನ ನಿಲ್ಲಿಸುವುದು ಒಂದು ದಾರಿ. ಹಿಂದೆ ಸರಿಯಾದ ರಿಪೋರ್ಟ್ ಕೊಟ್ಟವರದ್ದನ್ನು ಮಾತ್ರ ಮೊದಲು ಓದುವುದು ಇನ್ನೊಂದು. ಎರಡರಲ್ಲೂ ಪೆಟ್ಟು ಬೀಳುವುದು ಹೆಸರಿಲ್ಲದ ಹೊಸಬರಿಗೆ. ಡುಪ್ಲಿಕೇಟ್ ಎಂದು ವಾಪಸ್ ಬಂದಾಗ ಅವರಿಗೆ ಉಳಿದಿರುವ ದಾರಿ ಒಂದೇ: ಮೂಲ ದೂರು ತೆರೆಯಲು ಸಾಧ್ಯವಿದ್ದರೆ ಅದರ ಹೆಜ್ಜೆಗಳನ್ನು ತನ್ನ ಯಂತ್ರದಲ್ಲಿ ಮಾಡಿ ನೋಡುವುದು. ರಿಪೇರಿ ಆದ ಮೇಲೂ ತನ್ನ ತೊಂದರೆ ಉಳಿದಿದ್ದರೆ ಅದು ಡುಪ್ಲಿಕೇಟ್ ಆಗಿರಲೇ ಇಲ್ಲ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ, ದೂರನ್ನು ಮತ್ತೆ ತೆರೆಸಬಹುದು.

24 ಗಂಟೆಯ ಗಡಿಯಾರ

ಇಲ್ಲಿಯವರೆಗೆ ಇದು ಶಿಸ್ತಿನ, ಸೌಜನ್ಯದ ಪ್ರಶ್ನೆಯಾಗಿತ್ತು. ಇನ್ನು ಕಾನೂನೂ ಒಳಗೆ ಬರುತ್ತಿದೆ. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯಿದೆ 2024ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ. ಅದರ ವರದಿ ಮಾಡುವ ನಿಯಮಗಳು 2026ರ ಸೆಪ್ಟೆಂಬರ್ 11ರಿಂದ ಅನ್ವಯವಾಗುತ್ತವೆ, ಉಳಿದ ನಿಯಮಗಳಲ್ಲಿ ಹೆಚ್ಚಿನವು 2027ರ ಡಿಸೆಂಬರ್‌ನಿಂದ. ತನ್ನ ಉತ್ಪನ್ನದಲ್ಲಿರುವ ಒಂದು ದೋಷವನ್ನು ಯಾರೋ ದುರುಪಯೋಗ ಮಾಡುತ್ತಿದ್ದಾರೆ ಎಂದು ಗೊತ್ತಾದ 24 ಗಂಟೆಯೊಳಗೆ ತಯಾರಕರು ಮೊದಲ ಎಚ್ಚರಿಕೆ ಕೊಡಬೇಕು. ಯುರೋಪಿಗೆ ಡಿಜಿಟಲ್ ಉತ್ಪನ್ನ ಮಾರುವ ಹೆಚ್ಚಿನವರಿಗೆ ಇದು ಅನ್ವಯ. ಅವರಿಗಾಗಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಟಿಕೆಟ್ ನೋಡುವವರ ಮೇಜಿಗೂ ಆ ಗಡಿಯಾರ ಬರುತ್ತದೆ.

ಒಂದು ಪ್ರಸಂಗ ಊಹಿಸಿಕೊಳ್ಳಿ. ಹಳೆಯ ದೂರೊಂದು ಇದೆ, ‘ಸಣ್ಣದು, ಆಮೇಲೆ ನೋಡೋಣ’ ಎಂದು ಬದಿಗಿಟ್ಟದ್ದು. ಆರು ತಿಂಗಳ ಮೇಲೆ ಒಬ್ಬ ಗ್ರಾಹಕ ಅದನ್ನೇ ಮತ್ತೆ ಬರೆಯುತ್ತಾನೆ. ಹತ್ತು ಸಾಲಿನ ದೂರು, ಎಂಟನೇ ಸಾಲಿನಲ್ಲಿ ‘ಇದನ್ನು ಬಳಸಿಕೊಂಡು ನಮ್ಮ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ’ ಎಂದಿದೆ. ಟ್ರಯಾಜ್‌ನಲ್ಲಿ ಕೂತವನು ಮೊದಲ ಮೂರು ಸಾಲು ಓದಿ ಡುಪ್ಲಿಕೇಟ್ ಎಂದು ಮುಚ್ಚುತ್ತಾನೆ. ಎರಡು ವಾರದ ಮೇಲೆ ವಿಷಯ ಹೊರಬೀಳುತ್ತದೆ. ಕಂಪನಿಗೆ ‘ಗೊತ್ತಾದದ್ದು’ ಯಾವತ್ತು? ವಕೀಲರು ಮೊದಲು ತೆಗೆಸುವುದು ಆ ಮುಚ್ಚಿದ ಟಿಕೆಟನ್ನು, ನೋಡುವುದು ಅದರ ಮೇಲಿರುವ ತಾರೀಖನ್ನು.